ಗುಡದಪ್ಪ ಮೌಸಿಗೆ ಹಾಸಿಗೆ ಹುಡುಕಿದ್ದು

ಕಲ್ಲವ್ವನಿಗೆ ಇದ್ದವನು ಒಬ್ಬನೇ ಮಗ. ಆ ಒಬ್ಬನೇ ಹತ್ತು ಜನ ಕೆಡಿಸುವಷ್ಟು ಕೆಲಸ ಕೆಡಿಸುತ್ತಿದ್ದ. ಹೆಸರು ಗುಡದಪ್ಪ. ವಯಸ್ಸು ಇಪ್ಪತ್ತಾರು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ, ಅದೇ ಅವಳ ಕರ್ಮ ನೋಡಿ!

ಪಕ್ಕದೂರಿನ ಹೊಳಬಸಪ್ಪನಿಗೆ ಒಬ್ಬ ಮಗಳಿದ್ದಳು. "ಹುಡುಗ ಕಂಪ್ಯೂಟರ್ ಮುಂದ ಕೂತು ಕೆಲಸ ಮಾಡೂದನ್ನ ಶನಿವಾರ ಬಂದು ಕಣ್ಣಾರೆ ನೋಡ್ತೀನಿ. ಆಮ್ಯಾಲೆ ಹೆಣ್ಣು," ಎಂದು ಅವನು ಹೇಳಿ ಕಳಿಸಿದ್ದ. ಈವರೆಗೆ ಏಳು ಕಡೆಯವರು ಒಲ್ಲೆವೆಂದಿದ್ದರು. ಕಲ್ಲವ್ವ ಬಸ್‌ಸ್ಟ್ಯಾಂಡಿನ ಪಕ್ಕ ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇಟ್ಟಿದ್ದ ಈರಯ್ಯನ ಕೈಕಾಲು ಹಿಡಿದು, ಬುಧವಾರ ಮಗನನ್ನು ಕೆಲಸಕ್ಕೆ ಹಚ್ಚಿದಳು.

"ಇದು ಮೌಸು. ಇದನ್ನ ಸರಿಸಿದ್ರ ಪರದೆ ಮ್ಯಾಲಿನ ಬಾಣ ಸರಿತೈತಿ. ಬಾಣಾನ ಆ ಮೂಲಿಗೆ ಒಯ್ಯಿ," ಅಂದ ಈರಯ್ಯ.

ಗುಡದಪ್ಪ ಸರಿಸಿದ. ಸರಿಸಿದ, ಸರಿಸಿದ, ಟೇಬಲ್ಲೇ ಮುಗಿಯಿತು. ಬಾಣ ಇನ್ನೂ ಮೂಲೆ ಮುಟ್ಟಿರಲಿಲ್ಲ. ಟೇಬಲ್ ಬಿಟ್ಟು ಗೋಡೆಯ ಮೇಲೆ ಸರಿಸುತ್ತ ಬಾಗಿಲತ್ತ ಹೊರಟ. ಫಟ್! ವಯರು ಹರಿಯಿತು.

"ಅಯ್ಯೋ ನಿನ್ನ! ಅಂಚಿಗೆ ಬಂದ್ರ ಎತ್ತಿ ಮತ್ತ ನಡುವ ಇಡಬೇಕೋ!"

"ಹೂನ್ರಿ. ಅಂಚಿಗೆ ಬಂದ್ರ ಎತ್ತಿ ನಡುವ."

ಮರುದಿನ ಪಿಂಚಣಿ ಅರ್ಜಿ ಹಾಕಲು ಮುದುಕಿ ಫಕೀರವ್ವ ಬಂದಳು. ಬೆಂಚು ತುಂಬಿತ್ತು, ಪಾಪ, ಅಂಚಿನಲ್ಲಿ ಕೂತಳು. ಗುಡದಪ್ಪ ನೋಡಿದ. ಅಂಚಿಗೆ ಬಂದಿದ್ದಾಳೆ! ಎದ್ದು ಬಂದವನೇ ಅವಳನ್ನು ಅನಾಮತ್ತು ಎತ್ತಿ, ನಡುವೆ ಕೂತಿದ್ದ ಮಾಸ್ತರರ ತೊಡೆಯ ಮೇಲೆ ಇಟ್ಟುಬಿಟ್ಟ.

"ಯಪ್ಪಾ! ಸತ್ತ್ನೆಪ್ಪೋ!" ಮುದುಕಿ ಚೀರಿದಳು. ಮಾಸ್ತರರಿಗೆ ಚೀರಲೂ ಉಸಿರಿರಲಿಲ್ಲ.

"ಏ ಹುಚ್ಚಪ್ಯಾಲಿ!" ಈರಯ್ಯ ಬೈದ. "ಮಂದೀನ ಎತ್ತತಾರೇನೋ? ಯಾರು ಬಂದ್ರೂ ಮೊದಲು ಮೆತ್ತಗ ಏನರ ಹಾಸಿ ಕೊಡು. ಅಷ್ಟ!"

"ಹೂನ್ರಿ. ಬಂದ್ರ ಮೆತ್ತಗ ಹಾಸಬೇಕು."

ಶುಕ್ರವಾರ ಬೆಳಿಗ್ಗೆ ಹೊಸ ಮೌಸು ಬಂತು. ಬಂತಲ್ಲ, ಹಾಸಬೇಡವೇ? ಗುಡದಪ್ಪ ಮನೆಗೆ ಓಡಿದ. ಅವ್ವ ಎರಡು ಚಳಿಗಾಲ ಕೂತು ಹೊಲಿದ ಕೌದಿಯನ್ನು ಹೊತ್ತು ತಂದು, ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಮೌಸನ್ನು ಮಲಗಿಸಿದ. ಮೌಸು ಹುಗಿದುಹೋಯಿತು. ಬಾಣ ಮಿಸುಕಾಡಲಿಲ್ಲ.

"ಮೌಸಿಗೆ ಪ್ಯಾಡ್ ಅಂತ ಬರತೈತಿ, ಅದು ಬೇಕ ಬೇಕು," ಎಂದರು ಸೊಂಟ ಹಿಡಿದುಕೊಂಡೇ ಬಂದಿದ್ದ ಮಾಸ್ತರರು.

"ಏನೂ ಬೇಕಾಗಿಲ್ರಿ ಸರ! ಕಟ್ಟಿಗಿ ಟೇಬಲ್ ಮ್ಯಾಲೆ ಹಂಗ ಓಡತೈತಿ. ನಮ್ಮದು ಗಾಜಿಂದು, ಗುಂಡಿದ್ದ ಹಳೇ ಮೌಸು ಓಡತಿತ್ತು, ಈ ಬೆಳಕಿನ ಮೌಸು ಓಡಂಗಿಲ್ಲ, ಅದಕ್ಕ ಒಂದು ನೋಟ್‌ಬುಕ್ ಇಟ್ರ ಮುಗೀತು," ಎಂದ ಈರಯ್ಯ ಗುಡದಪ್ಪನ ಕಡೆ ತಿರುಗಿದ. "ಕೇಳು! ಹೊಳಪಿರಬಾರದು, ಸಪಾಟಿರಬೇಕು. ಅಂಥಾದ್ದು ಕೈಗೆ ಏನು ಸಿಕ್ರೂ ನಡಿತೈತಿ. ಸಪಾಟಿಲ್ಲದ್ದು ಎಷ್ಟ ಚಂದಿದ್ರೂ ಬ್ಯಾಡ ಅಂದುಬಿಡು. ನಾಳೆ ತಪ್ಪಿದ್ರ ಕೆಲಸಾ ಇಲ್ಲ, ಹೆಣ್ಣೂ ಇಲ್ಲ!"

ಆ ರಾತ್ರಿ ಕಲ್ಲವ್ವ ಕೌದಿ ಝಾಡಿಸುತ್ತ ಅತ್ತಳು. "ನಾ ಕಣ್ಣು ಮುಚ್ಚಿದ ಮ್ಯಾಲೆ ನಿನಗ ಒಂದು ತುತ್ತು ನೀಡವ್ರು ಯಾರೋ, ಮಗನ?" ಗುಡದಪ್ಪ ಕೌದಿಯ ಇನ್ನೊಂದು ತುದಿ ಹಿಡಿದು ತಾನೂ ಝಾಡಿಸಿದ. ನಾಳೆ ಈರಯ್ಯ ಹೇಳಿದ್ದರಲ್ಲಿ ಒಂದಕ್ಷರ ತಪ್ಪಬಾರದು ಎಂದು ನಿಶ್ಚಯಿಸಿಕೊಂಡ.

ಶನಿವಾರ ಬಂತು. ಈರಯ್ಯ ಮೌಸಿನ ಕೆಳಗಿದ್ದ ನೋಟ್‌ಬುಕ್ಕನ್ನೇ ಹಿಡಿದುಕೊಂಡು ಬ್ಯಾಂಕಿಗೆ ಹೋಗಿದ್ದ. ಅದೇ ಹೊತ್ತಿಗೆ ಹೊಳಬಸಪ್ಪ ಬಂದ. ಆರಡಿ ಎತ್ತರದ ಆಸಾಮಿ, ಅಗಲ ಬೆನ್ನು, ಮೈಮೇಲೆ ದಪ್ಪ ಖಾದಿ ಶರ್ಟು.

"ನನ್ನ ಹೊಲದ ಪಹಣಿ ತಗದುಕೊಡು, ನೋಡೂಣು," ಅಂದ.

ಗುಡದಪ್ಪ ಮೌಸು ಹಿಡಿದ. ಕೆಳಗೆ ಬರೀ ಗಾಜು. ಬಾಣ ಅಲುಗಲೊಲ್ಲದು! ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಅಷ್ಟರಲ್ಲಿ ಹೊಳಬಸಪ್ಪ ಪರದೆಯಲ್ಲಿ ತನ್ನ ಹೆಸರು ಹುಡುಕಲು ಟೇಬಲ್ಲಿನ ಮೇಲೆ ಬಗ್ಗಿದ. ಹೊಳಪಿಲ್ಲ! ಅಗಲ ಐತಿ! ಕೈಗೂ ಸಿಕ್ಕೈತಿ!

"ಹಂಗ ನಿಂದರ್ರಿ! ಅಲುಗಬ್ಯಾಡ್ರಿ!" ಎಂದವನೇ ಮೌಸನ್ನು ಅವನ ಬೆನ್ನ ಮೇಲೆ ಇಟ್ಟು ಸರ್ರನೆ ಎಳೆದ. ಬಾಣ ಓಡಿತು!

ಹೊಳಬಸಪ್ಪ ಬಗ್ಗಿದಲ್ಲೇ ಕೇಳಿದ: "ರೇಷನ್ನಿಗೆ ಹೆಬ್ಬಟ್ಟು ಕೊಟ್ಟೆ, ಆಧಾರಿಗೆ ಕಣ್ಣು ಕೊಟ್ಟೆ. ಈಗ ಪಹಣಿಗೆ ಬೆನ್ನೂ ತಗೋತಾರೇನಪ್ಪಾ?"

"ಹೂನ್ರಿ. ಇನ್ನೊಂಚೂರು ಬಗ್ಗ್ರಿ."

ಊರಲ್ಲಿ ಯಾರ ಮುಂದೂ ಬಗ್ಗದ ಮನುಷ್ಯ ಕಾಲು ಗಂಟೆ ತೆಪ್ಪಗೆ ಬಗ್ಗಿ ನಿಂತ. ಪಹಣಿ ಹೊರಗೆ ಬಂತು. ಹೊಳಬಸಪ್ಪ ನೆಟ್ಟಗಾಗಿ, ಹೆಸರು ಓದಿಕೊಂಡು, ಮುಖ ಅರಳಿಸಿದ.

"ಭಾಳ ಶಾಣ್ಯಾ ಅದಿ ನೋಡು! ಹಿಡಿ ನನ್ನ ಮಗಳನ್ನ, ಕೊಟ್ಟೆ!"

ಇತ್ತ ಮನೆಯ ಬಾಗಿಲಲ್ಲಿ ಕಲ್ಲವ್ವ ಓಣಿಗೆಲ್ಲ ಹಂಚಲು ಸಕ್ಕರೆಯ ತಟ್ಟೆ ಹಿಡಿದು ನಿಂತಿದ್ದಳು. ಮಗ ಬರುವುದು ಕಂಡಿತು.

"ಏನಂದ್ರೋ ಯಪ್ಪಾ? ಲಗೂನ ಹೇಳೋ!"

"ಹೆಣ್ಣು ಕೊಟ್ಟೆ ಅಂದ್ರವ್ವಾ."

"ನನ್ನ ಬಂಗಾರಾ! ನೀ ಏನಂದಿ?"

"ಬ್ಯಾಡ ಅಂದ್ನಿ."

ತಟ್ಟೆ ಕೈಜಾರಿತು. "ಬ್ಯಾಡ? ಯಾಕೋ, ಯಾಕೋ ಹಾಳಾದವನ?"

"ಚಲೋ ಮಂದಿ ಖರೆ. ಆದ್ರ ಮಾವನ ಬೆನ್ನು ಸಪಾಟಿಲ್ಲವ್ವಾ. ಎರಡೂ ಹೆಗಲಿನ ನಡುವ ಉಬ್ಬೈತಿ, ಬಾಣ ಅಲ್ಲೇ ನಿಂತುಬಿಡತೈತಿ. ನೀ ಅಳಬ್ಯಾಡ. ಬೆನ್ನು ಸಪಾಟಿದ್ದ ಬೀಗರು ಸಿಕ್ಕೇ ಸಿಗ್ತಾರ."