ಡಿಸ್ಕಣ್ಣನ ಮುನ್ನೆಚ್ಚರಿಕೆ

ಒಂದು ಕಂಪ್ಯೂಟರಿನ ಉಗ್ರಾಣವೆಲ್ಲ ಡಿಸ್ಕಣ್ಣನ ವಶದಲ್ಲಿತ್ತು. ಬಂದದ್ದನ್ನು ಬಾಚಿಟ್ಟುಕೊಳ್ಳುವುದು ಅವನಿಗೆ ಗೊತ್ತಿತ್ತು, ಬಿಟ್ಟುಕೊಡುವುದು ಗೊತ್ತಿರಲಿಲ್ಲ. ಒಂದು ದಿನ ಹೊಸ ಆಪರೇಟಿಂಗ್ ಸಿಸ್ಟಂ ಗಂಟುಮೂಟೆ ಕಟ್ಟಿಕೊಂಡು ಬಂತು. ನಡುಮನೆಯವರೆಗೆ ಬರುವಷ್ಟರಲ್ಲಿ ಜಾಗ ಮುಗಿಯಿತು. ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿತು.

ಛಲ ಬಿಡದೆ ಮರುದಿನ ಮತ್ತೆ ಬಂತು. ಈ ಸಲ ಹೊಸ್ತಿಲಲ್ಲೇ ಸಿಕ್ಕಿಹಾಕಿಕೊಂಡಿತು.

"ನಿನ್ನನ್ನು ನೆಚ್ಚಿಕೊಂಡಿದ್ದರೆ ನನ್ನ ಗತಿ ಏನಾಗುತ್ತಿತ್ತು!" ಎಂದ ಡಿಸ್ಕಣ್ಣ. "ನೀನು ಕೈಕೊಡುತ್ತೀಯೆಂದೇ ನಿನ್ನೆ ಹಳೆಯ ಸಿಸ್ಟಂನ ಇನ್ನೊಂದು ಪ್ರತಿ ಮಾಡಿಟ್ಟುಕೊಂಡೆ."

"ಎಲ್ಲಿಟ್ಟಿರಿ?"

"ನಡುಮನೆಯಲ್ಲಿ. ಅಲ್ಲೊಂದಿಷ್ಟು ಜಾಗ ಉಳಿದಿತ್ತು."

"ಅಣ್ಣ, ನಿನ್ನೆ ನಾನು ನಿಂತಿದ್ದ ಜಾಗ ಅದು. ಹಳೆಯ ಪ್ರತಿಗಳಲ್ಲಿ ಒಂದನ್ನು ಇಟ್ಟುಕೊಂಡು ಮಿಕ್ಕವನ್ನು ಬಿಡಿ, ನಾನು ಕೈಕೊಡುವುದಿಲ್ಲ."

"ಎರಡು ಸಲ ಸೋತ ನಿನ್ನ ಮಾತು ಕೇಳಿ ಇದ್ದದ್ದನ್ನೂ ಕಳೆದುಕೊಳ್ಳಲೇ? ಆಗದು!" ಎಂದ ಡಿಸ್ಕಣ್ಣ, ಅದು ಹೋದ ಮೇಲೆ ಹೊಸ್ತಿಲ ಮೇಲೂ ಒಂದು ಪ್ರತಿ ಇಟ್ಟ.

ಮೂರನೆಯ ದಿನವೂ ಸಿಸ್ಟಂ ಬಂತು. ಈ ಸಲ ಅದು ಜಾಗ ಕೇಳಲಿಲ್ಲ. ಹೊಸ ಡಿಸ್ಕನ್ನೇ ಜೊತೆಗೆ ಕರೆತಂದಿತ್ತು.