ದ್ಯಾವೀರನ ವ್ಯಾನು ಬೆಟ್ಟ ಸುತ್ತಿದ್ದು

ಕೇಳುವುದಾದರೆ ಕೇಳಿ, ಇಲ್ಲದಿದ್ದರೆ ಎದ್ದು ಹೋಗಿ. ಮಧ್ಯೆ ಮಾತ್ರ ಬಾಯಿ ಹಾಕಬೇಡಿ. ಹದ್ದಿನಕಲ್ಲು ಬೆಟ್ಟದ ಬುಡದಲ್ಲಿ ಒಂದೂರು. ಆ ಊರಲ್ಲಿ ಮರಿಗಂಗಮ್ಮ ಅಂತ ಒಬ್ಬ ಹೆಂಗಸು. ಅವಳಿಗೆ ಒಬ್ಬನೇ ಮಗ, ದ್ಯಾವೀರ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವನು ದ್ಯಾವೀರನನ್ನು ನೋಡಿರಲಿಲ್ಲ.

“ನಿನ್ನ ಕಾಲ ಮೇಲೆ ನೀನು ನಿಲ್ಲೋದು ಯಾವಾಗ್ಲಾ?” ಅಂತ ಅವ್ವ ದಿನಾ ಬೈಯುವಳು.

ಅವನು ಬಗ್ಗಿ ಕಾಲು ನೋಡಿಕೊಳ್ಳುವನು. “ನಿಂತೇ ಇದೀನಲ್ಲವ್ವ.”

ಮರಿಗಂಗಮ್ಮನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ಮಾರಿ ಅವನ ಹೊಟ್ಟೆ ಹೊರೆಯುತ್ತಿದ್ದಳು. ಅವಳಿಗಿದ್ದ ಭಯ ಒಂದೇ. ನಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿ ಏನು? ಇವನಿಗೆ ಒಂದು ತುತ್ತು ಅನ್ನ ಹಾಕುವವರು ಯಾರು? ಆ ಭಯ ಬಾಯಿಗೆ ಬರುವಾಗ ಸಿಟ್ಟಾಗಿ ಬರುತ್ತಿತ್ತು.

ಗಂಡ ಸಾಯುವಾಗ ಒಂದು ಹಳೇ ವ್ಯಾನು ಬಿಟ್ಟುಹೋಗಿದ್ದ. ಶಾಲೆ ಮಕ್ಕಳನ್ನು ಸಾಗಿಸುತ್ತಿದ್ದ ವ್ಯಾನು. ಅದನ್ನು ಓಡಿಸುವುದರಲ್ಲಿ ದ್ಯಾವೀರ ಗಟ್ಟಿಗ, ಸುಳ್ಳು ಯಾಕೆ ಹೇಳಬೇಕು. ಆದರೆ ಅವನನ್ನು ನಂಬಿ ಮಕ್ಕಳನ್ನು ಕಳಿಸುವವರು ಯಾರು? ವ್ಯಾನು ಹುಣಸೇಮರದ ಕೆಳಗೆ ನಿಂತು ಕೋಳಿಗಳಿಗೆ ಮನೆಯಾಗಿತ್ತು.

ಆಗ ಬಂದ ಶಶಿಧರ ಅನ್ನುವವನು. ಪೇಟೆಯ ಜನರನ್ನು ಸೈಕಲ್ ಸಮೇತ ಬೆಟ್ಟಗಳಿಗೆ ಕರೆದುಕೊಂಡು ಹೋಗುವುದು ಅವನ ಕಸುಬು. ಬಂಡೆ ಮೇಲೆ ಸೈಕಲ್ ಬಿಡುವುದು, ಬೀಳುವುದು, ಮಂಡಿ ಒರೆಸಿಕೊಂಡು ಮತ್ತೆ ಹತ್ತುವುದು. ಇದಕ್ಕೆ ಅವರು ರಜೆ ಅನ್ನುತ್ತಿದ್ದರು. ಶಶಿಧರ ವ್ಯಾನು ನೋಡಿ ಹೇಳಿದ, “ಅಮ್ಮ, ಇದರೊಳಗೆ ಸೈಕಲ್ ನಿಲ್ಲೋ ಹಾಗೆ, ಇಬ್ಬರು ಮಲಗೋ ಹಾಗೆ ಮಾಡಿಸಿ. ಈ ಬೆಟ್ಟ ಮುಗಿದರೆ ಮುಂದಿನ ಬೆಟ್ಟ, ಅದು ಮುಗಿದರೆ ಇನ್ನೊಂದು. ಗಾಡಿಗೂ ನಿಮ್ಮ ಮಗನಿಗೂ ವರ್ಷವಿಡೀ ಕೆಲಸ.”

ಮರಿಗಂಗಮ್ಮನಿಗೆ ದೇವರೇ ಪ್ಯಾಂಟು ಹಾಕಿಕೊಂಡು ಬಂದಹಾಗಾಯಿತು. ಮಗನನ್ನು ಕರೆದಳು. “ಲೋ, ಗಾಡಿ ಒಳಗೆ ಜಾಗ ಆಗ್ಬೇಕು. ಸೀಟೆಲ್ಲ ತೆಗ್ದುಬಿಡು.”

ಅವನು ತೆಗೆದ. ಮಧ್ಯಾಹ್ನ ಅವ್ವ ಇಡ್ಲಿ ಪಾತ್ರೆ ಹೊತ್ತು ಬಂದು ನೋಡುತ್ತಾಳೆ, ಡ್ರೈವರ್ ಸೀಟೂ ಇಲ್ಲ. ಎಲ್ಲ ಗುಜರಿಯವನ ಗಾಡಿಯಲ್ಲಿ ಊರು ದಾಟಿ ಹೋಗಿದೆ.

“ಅಯ್ಯೋ ನಿನ್ನ ಮನೆ ಹಾಳಾಗ. ಡ್ರೈವರ್ ಸೀಟು ಯಾಕ್ಲಾ ತೆಗ್ದೆ? ಇನ್ನು ಎಲ್ಲಿ ಕೂತು ಓಡಿಸ್ತೀಯ, ನನ್ನ ತಲೆ ಮೇಲಾ?”

“ಸೀಟೆಲ್ಲ ಅಂತ ನೀನೇ ಹೇಳಿದ್ಯಲ್ಲವ್ವ.”

“ಏನೇ ತೆಗೆದ್ರೂ ಒಂದನ್ನ ಉಳಿಸ್ಬೇಕು ಕಣೋ, ಮುಠ್ಠಾಳ. ಒಂದನ್ನ ಉಳಿಸ್ಬೇಕು.”

“ಆಯ್ತವ್ವ. ಒಂದನ್ನ ಉಳಿಸ್ತೀನಿ.”

ಗುಜರಿಯವನ ಹಿಂದೆ ಓಡಿ, ಕೈಕಾಲು ಹಿಡಿದು, ಆ ಒಂದು ಸೀಟನ್ನು ಬಿಡಿಸಿಕೊಂಡು ಬಂದದ್ದಾಯಿತು. ಮಾರನೇ ದಿನ ಬಡಗಿ ಕಾಳಾಚಾರಿ ಹಲಗೆ ಹೊಡೆಯಲು ಬರುವವನಿದ್ದ. ವ್ಯಾನಿನ ಒಳಗೆ ಚಾವಣಿಯ ತುಂಬ ಕಡಜದ ಗೂಡು. ಅವ್ವ ಹೇಳಿದಳು, “ಆಚಾರಿ ಬರೋದ್ರೊಳಗೆ ಕಡಜದ ಗೂಡು ತೆಗ್ದುಹಾಕು.” ಹೇಳಿ ಬಸ್‌ಸ್ಟ್ಯಾಂಡಿಗೆ ಹೋದಳು.

ದ್ಯಾವೀರ ಒಂದೊಂದೇ ಗೂಡು ತೆಗೆದ. ಕೊನೆಗೆ ಒಂದನ್ನು ಉಳಿಸಿದ. ಉಳಿಸಿದ್ದು ಯಾವುದು? ಎಲ್ಲಕ್ಕಿಂತ ದೊಡ್ಡದು. ಕಾಳಾಚಾರಿ ಒಳಗೆ ಹೋಗಿ ಸುತ್ತಿಗೆ ಎತ್ತಿ ಒಂದೇಟು ಹಾಕಿದ, ಎರಡನೇ ಏಟು ಹಾಕಲಿಲ್ಲ. ಮೂಗು ಬದನೇಕಾಯಿ ಮಾಡಿಕೊಂಡು ಊರ ತುಂಬ ಓಡಾಡಿದ.

“ಒಂದು ಗೂಡು ಯಾಕ್ಲಾ ಬಿಟ್ಟೆ, ಪಾಪಿ?”

“ಏನೇ ತೆಗೆದ್ರೂ ಒಂದನ್ನ ಉಳಿಸು ಅಂತ ನೀನೇ ಹೇಳಿದ್ಯಲ್ಲವ್ವ.”

ಮರಿಗಂಗಮ್ಮ ಹಣೆ ಚಚ್ಚಿಕೊಂಡಳು. “ಕಡಜಕ್ಕೆ ಹೊಗೆ ಹಾಕ್ಬೇಕು ಕಣೋ. ಗಾಡಿ ಒಳಗೆ ಗುರ್ ಗುರ್ ಅಂತ ಸದ್ದು ಕೇಳಿದ್ರೆ, ಬಾಗ್ಲು ಮುಚ್ಚಿ, ಬೇವಿನಸೊಪ್ಪಿನ ಹೊಗೆ ಹಾಕ್ಬೇಕು. ತಲೇಲಿ ಇಟ್ಕೋ.”

“ಇಟ್ಕಂಡೆ ಕಣವ್ವ.”

ಅವ್ವನೇ ಮುಂದೆ ನಿಂತು ಉಳಿದ ಕೆಲಸ ಮಾಡಿಸಿದಳು. ಆಚಾರಿ ಬೈದುಕೊಂಡೇ ಹಲಗೆ ಹೊಡೆದ. ಸೈಕಲ್ ಸಿಕ್ಕಿಸಲು ಕಬ್ಬಿಣದ ಕೊಕ್ಕೆ ಬಂತು, ಅವುಗಳ ಮೇಲೆ ಮಂಚದ ಹಾಗೆ ಅಟ್ಟ ಬಂತು, ಅಟ್ಟದ ಮೇಲೆ ಹತ್ತಿ ಹಾಸಿಗೆ ಬಂತು. ಅದು ಅವಳ ಮದುವೆಯ ಹಾಸಿಗೆ. ಶಶಿಧರ ಬಂದು ನೋಡಿ ಮೆಚ್ಚಿದ. ಬೆಳಿಗ್ಗೆ ಸೈಕಲ್‌ನಲ್ಲಿ ಬೆಟ್ಟ ಹತ್ತಿ ಇಳಿದ, ಅವಳು ಕೊಟ್ಟ ಇಡ್ಲಿ ತಿಂದ, ಹೊಸ ಅಟ್ಟ ಹೇಗಿದೆ ನೋಡೋಣ ಅಂತ ಒಳಗೆ ಹೋಗಿ ಅಡ್ಡಾದ. ದಣಿದ ಮೈ, ತುಂಬಿದ ಹೊಟ್ಟೆ. ಗೊರಕೆ ಶುರುವಾಯಿತು.

ದ್ಯಾವೀರ ಹೊರಗಿನಿಂದ ಕಿವಿಗೊಟ್ಟು ಕೇಳಿದ. ಗುರ್ ಗುರ್. ಸರಿ. ಬಾಗಿಲು ಮುಚ್ಚಿದ, ಚಿಲಕ ಹಾಕಿದ, ಕೆಂಡದ ಬಾಣಲೆಗೆ ಹಸೀ ಬೇವಿನಸೊಪ್ಪು ಹಾಕಿ ಕಿಟಕಿಯಲ್ಲಿಟ್ಟು ಮೊರದಿಂದ ಬೀಸಿದ. ಒಳಗಿನಿಂದ ಬಾಗಿಲು ಬಡಿಯುವ ಸದ್ದು ಬಂತು. ಕಡಜ ದೊಡ್ಡದೇ ಇದೆ ಅಂದುಕೊಂಡು ಇನ್ನೂ ಜೋರಾಗಿ ಬೀಸಿದ.

ಅವ್ವ ಓಡಿಬಂದು ಚಿಲಕ ತೆಗೆದಳು. ಶಶಿಧರ ಕೆಮ್ಮುತ್ತ, ಕಣ್ಣು ಮೂಗು ಸುರಿಸುತ್ತ, ಮಣ್ಣಿಗೆ ಬಿದ್ದ. ಅವನಿಗೆ ಬೈಯಲೂ ಉಸಿರಿರಲಿಲ್ಲ. ಅವನ ಪಾಲಿನದನ್ನೂ ಮರಿಗಂಗಮ್ಮನೇ ಬೈದಳು.

“ಮಲಗಿರೋ ಮನುಷ್ಯನಿಗೆ ಹೊಗೆ ಹಾಕ್ತಾರೇನೋ, ಕಟುಕ?”

“ಗುರ್ ಗುರ್ ಅಂದ್ರೆ ಹಾಕು ಅಂತ ನೀನೇ ಹೇಳಿದ್ಯಲ್ಲವ್ವ.”

“ನನ್ನ ಬಾಯಿಗೆ ಮಣ್ಣು ಹಾಕ. ಕಣ್ಮುಚ್ಚಿ ಮಲಗಿದ್ದೋರ್ನ ಕಂಡ್ರೆ ಸದ್ದು ಮಾಡ್ಬಾರ್ದು. ಕಂಬಳಿ ಹೊದಿಸಿ, ಬೆಕ್ಕಿನ ಹೆಜ್ಜೇಲಿ ಬಂದ್ಬಿಡಬೇಕು. ತಿಳೀತಾ?”

“ತಿಳೀತವ್ವ. ಬೆಕ್ಕಿನ ಹೆಜ್ಜೇಲಿ ಬಂದ್ಬಿಡ್ತೀನಿ.”

ಶಶಿಧರ ಒಳ್ಳೆಯವನು, ಅಥವಾ ಅವನಿಗೆ ಬೇರೆ ಗಾಡಿ ಸಿಕ್ಕಿರಲಿಲ್ಲ. ಎರಡರಲ್ಲಿ ಒಂದು. ಮುಂದಿನ ಭಾನುವಾರ ಜನರನ್ನು ಕರೆದುಕೊಂಡು ಬಂದೇಬಿಟ್ಟ. ಅವರಲ್ಲಿ ಸುಚರಿತ ಅಂತ ಒಬ್ಬ ಹುಡುಗಿ. ಎಲ್ಲರಿಗಿಂತ ಮುಂದೆ ಹೋಗಬೇಕು ಅನ್ನುವ ಹುಡುಗಿ. ಬೆಟ್ಟದ ಓರೆಯಲ್ಲಿ ಸೈಕಲ್ ಜಾರಿ, ಬಿದ್ದು, ಎಚ್ಚರ ತಪ್ಪಿ ಮಲಗಿದಳು. ನೀರಿನ ಕ್ಯಾನು ಹೊತ್ತು ಹಿಂದೆ ಬರುತ್ತಿದ್ದ ದ್ಯಾವೀರ ಕಂಡ. ಕಣ್ಣು ಮುಚ್ಚಿದ್ದಾಳೆ. ಪಾಪ, ಮಲಗಿದ್ದಾಳೆ. ವ್ಯಾನಿಗೆ ಹೋಗಿ ಕಂಬಳಿ ತಂದ, ಪಾದದಿಂದ ತಲೆಯವರೆಗೆ ಹೊದಿಸಿದ, ಬೆಕ್ಕಿನ ಹೆಜ್ಜೆಯಲ್ಲಿ ಬಂದುಬಿಟ್ಟ.

ಆಮೇಲೆ ಹುಡುಕಾಟ. ಕೂಗಾಟ. ಶಶಿಧರನ ಮುಖ ಸುಣ್ಣವಾಯಿತು. ಕೇಳಿದರೆ ದ್ಯಾವೀರ ಬಾಯಿ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡಿ ಅಂತ ಸನ್ನೆ ಮಾಡುತ್ತಾನೆ. ಕೊನೆಗೆ ಅವರು ಹೋಗಿ ನೋಡಿದರೆ, ಕುರಿ ಕಾಯುವವರು ಮುಸುಕು ಹಾಕಿದ ಹೆಣ ಅಂದುಕೊಂಡು ಎದೆ ಮೇಲೆ ಕಣಗಿಲೆ ಹೂವಿಟ್ಟು ಕೈಮುಗಿದು ನಿಂತಿದ್ದಾರೆ. “ಯಾರ ಮನೆ ಮಗಳೋ ತಾಯಿ” ಅನ್ನುವಷ್ಟರಲ್ಲಿ ಹೆಣ ಎದ್ದು ಕೂತು ನೀರು ಕೇಳಿತು. ಕುರಿಯವರು ಕುರಿ ಬಿಟ್ಟು ಓಡಿದರು.

ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಬಿದ್ದವರನ್ನು ಎಳೆದಾಡದೆ ಬೆಚ್ಚಗೆ ಇಟ್ಟದ್ದು ಒಳ್ಳೆಯದಾಯಿತು ಅಂತ ಡಾಕ್ಟರು ಬೇರೆ ಹೇಳಿದರು. ಸುಚರಿತ ನಕ್ಕಳು. ಅದರಿಂದಲೇ ಶಶಿಧರ ಪೊಲೀಸರ ಹತ್ತಿರ ಹೋಗದೆ ಮರಿಗಂಗಮ್ಮನ ಹತ್ತಿರ ಬಂದ.

“ಅಮ್ಮ, ನಾಳೆ ನಾವು ಮುಂದಿನ ಬೆಟ್ಟಕ್ಕೆ ಹೊರಡ್ತೀವಿ. ಇವನನ್ನ ಕರ್ಕೊಂಡು ಹೋಗ್ತೀನಿ, ಇವನಿಗೆ ಇದು ಕೊನೇ ಅವಕಾಶ. ಆದರೆ ಒಂದು ಮಾತು. ಸೀಟು ತೆಗೆದದ್ದು ಯಾಕೆ ಅಂದ್ರೆ ಅವ್ವ ಹೇಳಿದ್ರು. ಹೊಗೆ ಹಾಕಿದ್ದು ಯಾಕೆ ಅಂದ್ರೆ ಅವ್ವ ಹೇಳಿದ್ರು. ಇವನು ತಾನಾಗಿ ಒಂದು ತಪ್ಪೂ ಮಾಡಿಲ್ಲ. ಎಲ್ಲ ತಪ್ಪೂ ನಿಮ್ಮದೇ.”

ಈ ಮಾತು ಮರಿಗಂಗಮ್ಮನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ನಿಜವಾದ ಮಾತಿಗೆ ಬರುವಷ್ಟು ಸಿಟ್ಟು ಸುಳ್ಳಿಗೆ ಬರುವುದಿಲ್ಲ. ಶಶಿಧರನ ಮೇಲೆ ಸಿಟ್ಟು, ಮಗನ ಮೇಲೆ ಸಿಟ್ಟು, ತನ್ನ ನಾಲಿಗೆ ಮೇಲೆ ಸಿಟ್ಟು. ಎಲ್ಲ ಸೇರಿ ಮಗನ ಮೇಲೆ ಬಿತ್ತು.

“ಇವತ್ತಿಂದ ನನ್ನ ಮಾತು ಕೇಳ್ಬೇಡ ಕಣೋ. ನಾನು ಏನೇ ಹೇಳ್ಲಿ, ಅತ್ತು ಕರೆದು ಹೇಳ್ಲಿ, ಕಾಲಿಗೆ ಬಿದ್ದು ಹೇಳ್ಲಿ, ಯಾರ ಕೈಲಾದ್ರೂ ಹೇಳಿ ಕಳಿಸ್ಲಿ, ನನ್ನ ಮಾತು ಕೇಳ್ಬೇಡ.”

ದ್ಯಾವೀರ ತುಂಬ ಹೊತ್ತು ಯೋಚಿಸಿದ. “ಆಯ್ತವ್ವ” ಅಂದ.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಬೆಳಿಗ್ಗೆ ಹೊರಡುವ ಹೊತ್ತಿಗೆ ಅವಳ ಸಿಟ್ಟು ಇಳಿದಿತ್ತು. ರೊಟ್ಟಿ ಗಂಟು ಇಡಲು ವ್ಯಾನಿನ ಹಿಂದೆ ಹತ್ತಿದಳು. ಹಾಸಿಗೆ ಸರಿಮಾಡಿದಳು, ದಿಂಬು ತಟ್ಟಿದಳು. ಅಷ್ಟರಲ್ಲಿ ಯಾರೋ ಬಾಗಿಲು ದೂಡಿದರು, ವ್ಯಾನು ಹೊರಟೇಹೋಯಿತು.

“ಲೋ, ನಿಲ್ಸೋ. ಒಳಗೆ ನಾನಿದೀನಿ.”

ವ್ಯಾನು ನಿಲ್ಲಲಿಲ್ಲ. ಮುಂದೆ ನೀರಿನ ಕ್ಯಾನಿನ ಮೇಲೆ ಕೂತಿದ್ದ ಶಶಿಧರ ಹೇಳಿದ, “ನಿಮ್ಮವ್ವ ಕೂಗ್ತಿದಾರೆ ಕಣಯ್ಯ, ಕೇಳಿಸ್ತಿಲ್ವಾ?”

“ಕೇಳಿಸ್ತದೆ ಸಾರ್. ಕೇಳಂಗಿಲ್ಲ.”

“ಹಾಗಾದ್ರೆ ನಾನು ಹೇಳ್ತಿದೀನಿ, ನಿಲ್ಸು.”

“ನೀವು ಹೇಳ್ತಿರೋದು ನಮ್ಮವ್ವ ಹೇಳಿದ್ದನ್ನೇ ಅಲ್ವಾ ಸಾರ್? ಯಾರ ಬಾಯಲ್ಲಿ ಬಂದ್ರೂ ಅವ್ವನ ಮಾತು ಅವ್ವನ ಮಾತೇ.”

ಹೇಳುವಾಗ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹುಟ್ಟಿದಾಗಿನಿಂದ ಒಂದು ದಿನವೂ ಅವ್ವನ ಮಾತು ಮೀರದವನು, ಈಗ ಮೀರದೇ ಇರುವುದಕ್ಕೆ ಮೀರಬೇಕಾಗಿತ್ತು. ಹಿಂದಿನ ಕಿಂಡಿಯಿಂದ ಮರಿಗಂಗಮ್ಮ ಇದೆಲ್ಲ ಕೇಳಿದಳು. ಆಮೇಲೆ ಹಲ್ಲು ಕಚ್ಚಿ ಕೂಗಿದಳು, “ನಿಲ್ಸಬೇಡ ಕಣೋ. ಓಡಿಸ್ತಾನೇ ಇರು.”

ವ್ಯಾನು ಗಕ್ಕನೆ ನಿಂತಿತು. ಸೈಕಲ್ಲುಗಳೆಲ್ಲ ಕೊಕ್ಕೆ ಕಳಚಿ ಒಂದರ ಮೇಲೊಂದು ಬಿದ್ದವು. ನಿಂತದ್ದು ಸರಿಯಾಗಿ ಪಕ್ಕದೂರಿನ ಸಂತೆಯ ನಡುವೆ.

ಮರಿಗಂಗಮ್ಮ ಇಳಿದು ಕಿಟಕಿಯ ಹತ್ತಿರ ಬಂದಳು. ಈಗ ಇವನನ್ನು ಕಳಿಸಬೇಕು. ಹೋಗು ಅಂದರೆ ಹೋಗುವುದಿಲ್ಲ, ಇಲ್ಲೇ ನಿಂತುಬಿಡುತ್ತಾನೆ. ನಿಂತರೆ ಕೆಲಸ ಹೋಯಿತು, ಅವಳು ಇಷ್ಟು ದಿನ ಬೈದದ್ದು, ಬೇಡಿದ್ದು ಎಲ್ಲ ನೀರುಪಾಲು. ಅವನನ್ನು ಕಳಿಸಲು ಉಳಿದಿದ್ದ ಮಾತು ಒಂದೇ. ಅದನ್ನು ಅವಳು ಬೆಳಗಿನಿಂದ ಆಡದೆ ತಡೆದಿಟ್ಟುಕೊಂಡಿದ್ದಳು.

“ಹೋಗ್ಬೇಡ ಕಣೋ ಮಗನೇ” ಅಂದಳು. “ನನ್ನ ಬಿಟ್ಟು ಹೋಗ್ಬೇಡ.”

ದ್ಯಾವೀರ ಗಾಡಿ ಸ್ಟಾರ್ಟ್ ಮಾಡಿದ.

ಅವಳು ಪಕ್ಕದಲ್ಲೇ ಓಡುತ್ತ ಹೇಳಿದಳು, “ಹೊತ್ತೊತ್ತಿಗೆ ಉಣ್ಣಬೇಡ. ನಿಧಾನವಾಗಿ ಓಡಿಸ್ಬೇಡ. ಚಳೀಲಿ ಹೊದ್ದುಕೊಬೇಡ.”

ಸಂತೆಯ ಜನ ಬೆರಗಾದರು. “ಎಂಥ ತಾಯಮ್ಮ ನೀನು, ರಾಕ್ಷಸಿ” ಅಂದಳೊಬ್ಬಳು ಸೊಪ್ಪು ಮಾರುವವಳು.

“ನಿನ್ನ ಸೊಪ್ಪು ನೀನು ಮಾರ್ಕೋ” ಅಂತ ಮರಿಗಂಗಮ್ಮ ಅವಳ ಮೇಲೆ ಹರಿಹಾಯ್ದಳು. ಆ ಸಿಟ್ಟಿನ ಗಡಿಬಿಡಿಯಲ್ಲಿ, ವ್ಯಾನು ತಿರುವು ತೆಗೆದುಕೊಳ್ಳುವಾಗ, ಎಲ್ಲ ತಾಯಂದಿರ ಬಾಯಲ್ಲೂ ಬರುವ ಮಾತು ಅವಳ ಬಾಯಿ ತಪ್ಪಿ ಬಂದುಬಿಟ್ಟಿತು. “ಬೇಗ ಬಾರೋ.”

ಕಿಟಕಿಯಿಂದ ಕೈ ಹೊರಗೆ ಬಂದು, ಕೇಳಿಸಿತು ಅಂತ ಆಡಿತು.

ಆಮೇಲೆ ಏನಾಯಿತು ಅಂತೀರಾ? ದ್ಯಾವೀರ ತನ್ನ ಕಾಲ ಮೇಲೆ ನಿಂತ. ದುಡಿದದ್ದು ತಪ್ಪದೆ ಮನೆಗೆ ಬರುತ್ತದೆ, ಅವನು ಮಾತ್ರ ಬರುವುದಿಲ್ಲ. ಒಂದು ಬೆಟ್ಟ ಮುಗಿಸಿ ಇನ್ನೊಂದಕ್ಕೆ ಹೋಗುತ್ತಾನೆ. ಅವ್ವ ಫೋನು ಮಾಡಿದರೆ ಎತ್ತುವುದಿಲ್ಲ. ಎತ್ತಿದರೆ ಅವಳ ಮಾತು ಕೇಳಬೇಕಾಗುತ್ತದಲ್ಲ.

ಹದ್ದಿನಕಲ್ಲಿಗೆ ಸೈಕಲ್ ತರುವ ಜನರನ್ನೆಲ್ಲ ಮರಿಗಂಗಮ್ಮ ತಡೆದು ನಿಲ್ಲಿಸುತ್ತಾಳೆ. ಇಡ್ಲಿ ಕೊಟ್ಟು, ಕೈ ಹಿಡಿದು ಹೇಳುತ್ತಾಳೆ, “ಎಲ್ಲಾದ್ರೂ ನನ್ನ ಮಗ ಸಿಕ್ಕಿದ್ರೆ ಹೇಳಿ. ಈ ಜನ್ಮದಲ್ಲಿ ಮನೆ ಕಡೆ ತಲೆ ಹಾಕ್ಬೇಡ ಅಂದ್ಲು ನಿಮ್ಮವ್ವ ಅಂತ. ಇದ್ದದ್ದು ಇದ್ದಂಗೆ ಹೇಳಿ. ಒಂದಕ್ಷರ ಬದಲಾಯಿಸ್ಬೇಡಿ.”

ಅವರು ಓದಿದ ಜನ, ಮೆತ್ತಗಿನ ಜನ. ಇಷ್ಟು ಕಠಿಣವಾದ ಮಾತನ್ನು ಒಬ್ಬ ಮಗನಿಗೆ ಹೇಗೆ ಹೇಳುವುದು? ದೂರದ ಯಾವುದೋ ಬೆಟ್ಟದಲ್ಲಿ ದ್ಯಾವೀರ ಸಿಕ್ಕಾಗ ಅವನ ಹೆಗಲ ಮೇಲೆ ಕೈಯಿಟ್ಟು ಹೇಳುತ್ತಾರೆ, “ನಿಮ್ಮ ತಾಯಿ ನಿಮ್ಮನ್ನ ತುಂಬ ನೆನೆಸ್ಕೋತಾರೆ. ಬೇಗ ಮನೆಗೆ ಬಾ ಅಂದ್ರು.”

“ಬಾ ಅಂದ್ರಾ?” ಅನ್ನುತ್ತಾನೆ ದ್ಯಾವೀರ. ಮುಖ ಸಪ್ಪಗಾಗುತ್ತದೆ. ಸೈಕಲ್ಲುಗಳನ್ನು ಕೊಕ್ಕೆಗೆ ಸಿಕ್ಕಿಸಿ, ಬಾಗಿಲು ಹಾಕಿ, ಇನ್ನೂ ಒಂದು ಬೆಟ್ಟ ಮುಂದಕ್ಕೆ ಹೋಗುತ್ತಾನೆ.