ಒಂದೇ ಹಗ್ಗದಲ್ಲಿ ಎರಡು ತಂತಿ

ಕಡಲಿಗೂ ದಡಕ್ಕೂ ಒಡೆಯನಾದ ದೇವರಿಗೆ ಕೈಮುಗಿದು ಈ ಕಥೆ ಹೇಳುತ್ತೇನೆ.

ದುರ್ಗಯ್ಯ ಖಾರ್ವಿ ತನ್ನ ಪುಟ್ಟ ಮೀನುದೋಣಿಯಲ್ಲಿ ರೇಡಿಯೋದ ತೆಳು ತಂತಿಯನ್ನೂ, ತಳದ ನೀರೆತ್ತುವ ಪಂಪಿನ ದಪ್ಪ ತಂತಿಯನ್ನೂ ಒಂದೇ ಹಗ್ಗದಲ್ಲಿ ಬಿಗಿದಿದ್ದ. ನಡುಗಡಲಲ್ಲಿ ಮೋಡ ಕಪ್ಪಾಯಿತು. ದಡದವರು ರೇಡಿಯೋದಲ್ಲಿ ಏನೋ ಕೂಗಿ ಹೇಳುತ್ತಿದ್ದರು. ತೆಳು ತಂತಿಗೆ ಕೇಳಿಸಿದ್ದು ಬರೀ ಗುಂಯ್ ಎಂಬ ಸದ್ದು.

"ಅಣ್ಣಾ, ಅದೇನು ಸದಾ ಹಾಡಿಕೊಳ್ಳುತ್ತೀಯೆ?" ಎಂದು ಅದು ದಪ್ಪ ತಂತಿಯನ್ನು ಕೇಳಿತು.

"ನಾನೇ? ಬಾಯಿ ಮುಚ್ಚಿಕೊಂಡು ಹೊರೆ ಹೊರುವವನ ಮೇಲೆ ಅಪವಾದ ಬೇರೆ!"

"ಹಾಗಾದರೆ ಒಂದು ಗಳಿಗೆ ಉಸಿರು ಹಿಡಿ. ನೋಡಿಯೇ ಬಿಡೋಣ."

ದಪ್ಪ ತಂತಿ ಉಸಿರು ಹಿಡಿಯಿತು. ಪಂಪು ನಿಂತಿತು. ಒಡನೆಯೇ ರೇಡಿಯೋ ನುಡಿಯಿತು: "ಬಿರುಗಾಳಿ ಬರುತ್ತಿದೆ, ಹಿಂದಿರುಗಿ!" ಅಷ್ಟರಲ್ಲಿ ತಳದ ನೀರು ಏರಿತು. ದಪ್ಪ ತಂತಿ ಗಾಬರಿಯಿಂದ ಉಸಿರು ಬಿಟ್ಟಿತು. ಪಂಪು ತಿರುಗಿತು, ಮತ್ತೆ ಗುಂಯ್.

"ಪಂಪು ನಿಂತರೆ ಮಾತು, ತಿರುಗಿದರೆ ಗುಂಯ್! ಓಹೋ, ನಿಮ್ಮಿಬ್ಬರ ಸಲಿಗೆ ಹೆಚ್ಚಾಯಿತು!" ಎಂದು ತಂತಿಗಳನ್ನು ಗದರುತ್ತ ದುರ್ಗಯ್ಯ ದೋಣಿ ತಿರುಗಿಸಿದ.

ದಡ ಸೇರಿ ಹಗ್ಗ ಬಿಚ್ಚಿದ. ಒಂದನ್ನು ಎಡಬದಿಗೆ, ಇನ್ನೊಂದನ್ನು ಬಲಬದಿಗೆ ಒಯ್ದ. ಒಂದನ್ನೊಂದು ದಾಟಲೇಬೇಕಾದ ಒಂದೆಡೆ ಮಾತ್ರ ಅವು ಜೊತೆಜೊತೆಯಾಗಿ ಸಾಗದೆ ನೇರ ಅಡ್ಡಹಾಯುವಂತೆ ಕೂರಿಸಿದ.

ಅಲ್ಲಿ ದಪ್ಪ ತಂತಿ ಮೆಲ್ಲನೆ ಕೇಳಿತು: "ಮುನಿಸೇ, ತಂಗೀ?"

"ಇಲ್ಲಣ್ಣ. ಇಲ್ಲಿ ದಿನವೂ ನಿನ್ನ ಮುಖ ನೋಡುತ್ತೇನೆ, ಅತ್ತ ಹೋಗಿ ದಡದ ದನಿ ಕೇಳುತ್ತೇನೆ."

ಈ ಕಥೆ ಕೇಳಿದವರೆಲ್ಲರಿಗೂ ಕರೆಯುವವನ ದನಿ ತಿಳಿಯಾಗಿ ಕೇಳಿಸಲಿ. ಕಡಲಿಗಿಳಿದವರೆಲ್ಲ ಸುಖವಾಗಿ ದಡ ಸೇರಲಿ.